ತೋಟದಲ್ಲಿ ಹೂತಿಟ್ಟ ಟಿಪ್ಪಣಿಗಳು: ಜಾರ್ಜ್ ಸಾರ್ಟನ್ ಬಿಟ್ಟುಹೋದ ಕಾಗದಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ. ಮಾತಿನ ಧಾಟಿ ಹಾಗೇ ಇದೆ.)

ಇವತ್ತಿನ ಸಂಚಿಕೆ ಒಂದು ಪೆಟ್ಟಿಗೆಯ ಬಗ್ಗೆ. ಅದರಲ್ಲಿ ಚಿನ್ನ ಇರಲಿಲ್ಲ, ದುಡ್ಡೂ ಇರಲಿಲ್ಲ. ಇದ್ದದ್ದು ಬರೀ ಟಿಪ್ಪಣಿಗಳು.

1914ನೇ ಇಸವಿ. ಬೆಲ್ಜಿಯಂ ದೇಶದ ಗೆಂಟ್ ಊರಿನ ಪಕ್ಕ ವೊಂಡೆಲ್‌ಗೆಮ್ ಅಂತ ಒಂದು ಹಳ್ಳಿ. ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿದೆ. ಆ ಹಳ್ಳಿಯ ಒಂದು ಮನೆಯಲ್ಲಿ ಗಂಡ, ಹೆಂಡತಿ, ಎರಡು ವರ್ಷದ ಮಗು. ಗಂಡನಿಗೆ ಮೂವತ್ತು ವರ್ಷ. ಮನೆ ಬಿಟ್ಟು ಓಡಲೇಬೇಕು ಅನ್ನೋದು ಖಾತ್ರಿಯಾದಾಗ, ವರ್ಷಗಟ್ಟಲೆ ಬರೆದಿಟ್ಟಿದ್ದ ಟಿಪ್ಪಣಿಗಳನ್ನೆಲ್ಲ ಒಂದು ಲೋಹದ ಪೆಟ್ಟಿಗೆಗೆ ತುಂಬಿ, ತೋಟದಲ್ಲಿ ಗುಂಡಿ ತೋಡಿ ಹೂತುಬಿಡ್ತಾರೆ. ಆಮೇಲೆ ಹಾಲೆಂಡ್ ದಾರಿಯಾಗಿ ಇಂಗ್ಲೆಂಡ್, ಅಲ್ಲಿಂದ 1915ರಲ್ಲಿ ಅಮೆರಿಕ.

ಆ ಮನುಷ್ಯ ಜಾರ್ಜ್ ಸಾರ್ಟನ್. ವಿಜ್ಞಾನದ ಇತಿಹಾಸ ಅನ್ನೋದನ್ನ ಒಂದು ಸ್ವತಂತ್ರ ಅಧ್ಯಯನ ವಿಷಯವಾಗಿ ನಿಲ್ಲಿಸಿದವರಲ್ಲಿ ಮೊದಲ ಸಾಲಿನ ಹೆಸರು. ಅದರಲ್ಲೂ ಮಧ್ಯಯುಗದ ವಿಜ್ಞಾನದ ಮೇಲೆ ಅವರು ಮಾಡಿದಷ್ಟು ದೊಡ್ಡ ಲೆಕ್ಕ ಒಬ್ಬರೇ ಕೂತು ಮಾಡಿದ ಇನ್ನೊಂದು ಸಿಗೋದು ಕಷ್ಟ. ಇವತ್ತು ಅವರ ಕಾಗದಪತ್ರಗಳು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿವೆ.

ಪುಸ್ತಕ ಇರುವಾಗ ಕಾಗದ ಯಾಕೆ?

ನಾನು ಬಿಕಾಂ ಓದಿದವಳು, ಇತಿಹಾಸದವಳಲ್ಲ. ಹಾಗಾಗಿ ನನಗೆ ಮೊದಲು ಬಂದ ಪ್ರಶ್ನೆ ಇದೇ. ಒಬ್ಬ ವಿದ್ವಾಂಸ ಬರೆದ ಪುಸ್ತಕ ಅಚ್ಚಾಗಿ ಕಪಾಟಿನಲ್ಲಿ ಕೂತಿರುವಾಗ, ಆತನ ಚೀಟಿ, ಪತ್ರ, ಕರಡುಪ್ರತಿ ಎಲ್ಲ ಇಟ್ಕೊಂಡು ಏನು ಮಾಡ್ತಾರೆ?

ಉತ್ತರ ನಮ್ಮ ಲೆಕ್ಕಪತ್ರದ ಭಾಷೆಯಲ್ಲೇ ಇದೆ. ಅಚ್ಚಾದ ಪುಸ್ತಕ ಅಂದ್ರೆ ಬ್ಯಾಲೆನ್ಸ್ ಶೀಟ್ ಇದ್ದ ಹಾಗೆ. ಎಲ್ಲ ಕೂಡಿ ಕಳೆದು, ಚೊಕ್ಕಟ ಮಾಡಿ, ಸಹಿ ಹಾಕಿ ಹೊರಗೆ ಕೊಟ್ಟದ್ದು. ಆದ್ರೆ ಆಡಿಟ್‌ಗೆ ಬಂದವರು ಬ್ಯಾಲೆನ್ಸ್ ಶೀಟ್ ನೋಡಿ ತಲೆಯಾಡಿಸಿ ಹೋಗ್ತಾರಾ? ಇಲ್ಲ. ಕಿರ್ದಿ ಕೇಳ್ತಾರೆ, ಖಾತೆ ಕೇಳ್ತಾರೆ, ವೋಚರ್ ಕೇಳ್ತಾರೆ. ಈ ಅಂಕಿ ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ದಿನ ಬರೆದದ್ದು ಅಂತ ಕೇಳ್ತಾರೆ. ವಿದ್ವಾಂಸರ ಕಾಗದಪತ್ರ ಅಂದ್ರೆ ಈ ವೋಚರ್ ಕಟ್ಟು. ಪುಸ್ತಕದಲ್ಲಿ "ಇದು ಇಂಥ ವರ್ಷದ್ದು" ಅಂತ ಒಂದೇ ಸಾಲು ಇರುತ್ತೆ. ಆ ಸಾಲಿನ ಹಿಂದೆ ಯಾವ ಹಸ್ತಪ್ರತಿ ನೋಡಿದ್ರು, ಯಾರಿಗೆ ಪತ್ರ ಬರೆದು ಕೇಳಿದ್ರು, ಮೊದಲು ಬೇರೆ ಏನೋ ಅಂದುಕೊಂಡು ಆಮೇಲೆ ಯಾಕೆ ಬದಲಾಯಿಸಿದ್ರು, ಇದೆಲ್ಲ ಸಿಗೋದು ಕಾಗದಗಳಲ್ಲಿ ಮಾತ್ರ.

ಇಂಥ ಸಂಗ್ರಹಗಳನ್ನು ನೋಡಿಕೊಳ್ಳುವವರು ಪಾಲಿಸುವ ಎರಡು ನಿಯಮಗಳಿವೆ. ಮೊದಲನೆಯದು, ಒಬ್ಬರ ಕಾಗದಗಳನ್ನು ಇನ್ನೊಬ್ಬರ ಕಾಗದಗಳ ಜೊತೆ ಬೆರೆಸಬಾರದು. ಎರಡನೆಯದು, ಆ ವ್ಯಕ್ತಿ ಯಾವ ಕ್ರಮದಲ್ಲಿ ಇಟ್ಟಿದ್ದರೋ ಆದಷ್ಟು ಅದೇ ಕ್ರಮ ಉಳಿಸಬೇಕು. ಯಾಕಂದ್ರೆ ಕ್ರಮವೇ ಒಂದು ಸುಳಿವು. ಒಂದು ಚೀಟಿ ಯಾವ ಪತ್ರದ ಪಕ್ಕ ಇತ್ತು ಅನ್ನೋದರಿಂದಲೇ ಅದು ಯಾವ ಪ್ರಶ್ನೆಗೆ ಹುಟ್ಟಿದ ಉತ್ತರ ಅಂತ ಗೊತ್ತಾಗಬಹುದು. ವೋಚರ್‌ಗಳನ್ನು ಕಟ್ಟಿನಿಂದ ಬಿಚ್ಚಿ ಚೆಲ್ಲಾಪಿಲ್ಲಿ ಮಾಡಿದರೆ ಆಡಿಟರ್ ಗತಿ ಏನಾಗುತ್ತೆ ಯೋಚನೆ ಮಾಡಿ. ಅದೇ ಇಲ್ಲೂ.

ವೈನ್ ಮಾರಿ ಕೊಂಡ ಮನೆ

ಈಗ ಮನುಷ್ಯನ ವಿಷಯಕ್ಕೆ ಬರೋಣ. ಸಾರ್ಟನ್ ಹುಟ್ಟಿದ್ದು 1884ರ ಆಗಸ್ಟ್ 31ರಂದು, ಗೆಂಟ್‌ನಲ್ಲಿ. ತಂದೆ ಬೆಲ್ಜಿಯಂ ಸರ್ಕಾರಿ ರೈಲ್ವೆಯಲ್ಲಿ ದೊಡ್ಡ ಎಂಜಿನಿಯರ್. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಹುಡುಗ ವಿಶ್ವವಿದ್ಯಾಲಯದಲ್ಲಿ ಮೊದಲು ತತ್ವಶಾಸ್ತ್ರ ಸೇರಿ, ಸರಿಹೋಗದೆ ಬಿಟ್ಟು, ಆಮೇಲೆ ವಿಜ್ಞಾನಕ್ಕೆ ಬಂದರು. 1911ರಲ್ಲಿ ನ್ಯೂಟನ್‌ನ ಯಂತ್ರಶಾಸ್ತ್ರದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಅದೇ ವರ್ಷ ಮೇಬೆಲ್ ಎಲ್ವೆಸ್ ಎಂಬ ಇಂಗ್ಲಿಷ್ ಕಲಾವಿದೆಯ ಜೊತೆ ಮದುವೆ.

ವೊಂಡೆಲ್‌ಗೆಮ್‌ನ ಮನೆ ಬಂದ ಬಗೆ ಕೇಳಿ. ತಂದೆ ಸತ್ತ ಮೇಲೆ ಅವರು ಕೂಡಿಟ್ಟಿದ್ದ ವೈನ್ ಸಂಗ್ರಹ ಮಗನಿಗೆ ಬಂತು. ಸಾರ್ಟನ್ ಅದನ್ನು ಮಾರಿದರು, ಆ ದುಡ್ಡಲ್ಲಿ ಮನೆ ಕೊಂಡರು. ಅಪ್ಪನ ನೆಲಮಾಳಿಗೆಯ ಬಾಟಲಿಗಳು ಮಗನ ಓದುಕೋಣೆ ಆದವು ಅನ್ನಿ.

ಆ ಮನೆಯಲ್ಲಿ ಕೂತು 1912ರಲ್ಲಿ ಒಂದು ಪತ್ರಿಕೆಯ ಯೋಜನೆ ಹಾಕಿದರು. 1913ರಲ್ಲಿ ಮೊದಲ ಸಂಚಿಕೆ ಬಂತು. ಹೆಸರು "ಇಸಿಸ್". ಇಸಿಸ್ ಈಜಿಪ್ಟಿನ ದೇವತೆ. ಪುರಾಣದಲ್ಲಿ ಆಕೆಯ ಗಂಡ ಒಸೈರಿಸ್‌ನನ್ನು ಕೊಂದು, ತುಂಡು ತುಂಡು ಮಾಡಿ ದೇಶದ ತುಂಬ ಚೆಲ್ಲಿರ್ತಾರೆ. ಆಕೆ ಊರೂರು ಅಲೆದು ಆ ತುಂಡುಗಳನ್ನೆಲ್ಲ ಹುಡುಕಿ ಒಟ್ಟು ಮಾಡ್ತಾಳೆ. ಚೆಲ್ಲಿಹೋದದ್ದನ್ನು ಆಯ್ದು ಕೂಡಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಹೆಸರು ಸಿಗಲಾರದು. ಮುಂದೆ 1936ರಲ್ಲಿ ಅವರು ಶುರು ಮಾಡಿದ ಎರಡನೇ ಪತ್ರಿಕೆಗೆ "ಒಸೈರಿಸ್" ಅಂತಲೇ ಹೆಸರಿಟ್ಟರು. ಎರಡೂ ಇವತ್ತಿಗೂ ನಡೀತಿವೆ.

ಇಸಿಸ್ ಶುರುವಾಗಿ ಒಂದೂವರೆ ವರ್ಷ ಆಗುವಷ್ಟರಲ್ಲಿ ಯುದ್ಧ. ಪತ್ರಿಕೆ ನಿಂತಿತು. ಟಿಪ್ಪಣಿಗಳು ಮಣ್ಣಿನೊಳಗೆ, ಮನುಷ್ಯ ಸಮುದ್ರದಾಚೆ.

ಯುದ್ಧ ಮುಗಿದ ಮೇಲೆ ಪೆಟ್ಟಿಗೆ ವಾಪಸ್ ಸಿಕ್ಕಿತು. 1919ರಲ್ಲಿ ಇಸಿಸ್ ಮತ್ತೆ ಶುರುವಾಯಿತು. ಪೆಟ್ಟಿಗೆ ಸಿಗದೇ ಹೋಗಿದ್ದರೆ? ಸಾರ್ಟನ್ ಬದುಕಿರ್ತಿದ್ದರು, ಏನೋ ಒಂದು ಬರೀತಿದ್ದರು. ಆದರೆ ಬದುಕಿನ ಮುಖ್ಯ ಕೃತಿಯ ಬುನಾದಿ ಮಾತ್ರ ಒಬ್ಬ ಸೈನಿಕನ ಸಲಿಕೆ ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ ನಿಂತಿತ್ತು.

ಸಂಬಳ ಯಾರು ಕೊಟ್ಟರು?

ಅಮೆರಿಕದಲ್ಲಿ ಮೊದಲ ಮೂರು ವರ್ಷ ಪರದಾಟವೇ. ಹಾರ್ವರ್ಡ್‌ನಲ್ಲಿ ಎರಡು ವರ್ಷದ ತಾತ್ಕಾಲಿಕ ಉಪನ್ಯಾಸಕ ಕೆಲಸ ಸಿಕ್ಕಿತು. ಆಮೇಲೆ 1918ರಲ್ಲಿ ವಾಷಿಂಗ್ಟನ್‌ನ ಕಾರ್ನೆಗಿ ಸಂಸ್ಥೆ ಅವರನ್ನು ಸಂಶೋಧಕರಾಗಿ ನೇಮಿಸಿಕೊಂಡಿತು. ಸಂಬಳ ಕಾರ್ನೆಗಿಯದ್ದು, ಕೂರುವ ಜಾಗ ಹಾರ್ವರ್ಡ್‌ನ ವೈಡ್ನರ್ ಗ್ರಂಥಾಲಯದ ಒಂದು ಕೋಣೆ. ಆ ಕೋಣೆಗೆ ಬದಲಾಗಿ ಒಂದು ತರಗತಿಗೆ ಪಾಠ ಮಾಡಬೇಕು. ಈ ಏರ್ಪಾಟು ಸುಮಾರು ಮೂವತ್ತು ವರ್ಷ ನಡೆಯಿತು. ಹಾರ್ವರ್ಡ್ ಅವರನ್ನು ಪೂರ್ಣ ಪ್ರಾಧ್ಯಾಪಕ ಅಂತ ಮಾಡಿದ್ದು 1940ರಲ್ಲಿ. ಆಗ ಅವರಿಗೆ ಐವತ್ತಾರು.

ಪತ್ರಿಕೆಯ ಖರ್ಚು ಬೇರೆ. ವಿಜ್ಞಾನದ ಇತಿಹಾಸದ ಪತ್ರಿಕೆಗೆ ಚಂದಾದಾರರು ಎಷ್ಟು ಜನ ಇರ್ತಾರೆ? ಹಾಗಾಗಿ 1924ರಲ್ಲಿ ಬಾಸ್ಟನ್‌ನಲ್ಲಿ ವಿಜ್ಞಾನ ಇತಿಹಾಸ ಸಂಘ ಹುಟ್ಟಿತು. ಇಸಿಸ್‌ಗೆ ಹೆಗಲು ಕೊಡೋದೇ ಅದರ ಮೊದಲ ಉದ್ದೇಶಗಳಲ್ಲೊಂದು. ಸಂಘ ಕಟ್ಟಲು ಮುಂದೆ ನಿಂತವರು ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್. ಈ ಹೆಸರು ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ಈಗಲೇ ನಮ್ಮ ಕಡೆಗೆ ಬರ್ತೀನಿ.

ಐವತ್ತು ವರ್ಷಕ್ಕೊಂದು ಖಾನೆ

ಸಾರ್ಟನ್ ಬರೆದ ದೊಡ್ಡ ಕೃತಿಯ ಹೆಸರು "ವಿಜ್ಞಾನದ ಇತಿಹಾಸಕ್ಕೆ ಪ್ರವೇಶ" ಅಂತ ಕನ್ನಡದಲ್ಲಿ ಹೇಳಬಹುದು. ಮೂರು ಸಂಪುಟ, ಐದು ಹೊತ್ತಿಗೆ. ಮೊದಲನೆಯದು 1927ರಲ್ಲಿ, ಎರಡನೆಯದು 1931ರಲ್ಲಿ, ಮೂರನೆಯದು 1947 ಮತ್ತು 1948ರಲ್ಲಿ. ಒಟ್ಟು ನಾಲ್ಕು ಸಾವಿರ ಪುಟಕ್ಕೂ ಮೇಲೆ. "ಪ್ರವೇಶ"ವೇ ನಾಲ್ಕು ಸಾವಿರ ಪುಟ, ನೋಡಿ!

ಮೊದಲ ಯೋಜನೆ ಪ್ರಾಚೀನ ಕಾಲದಿಂದ ಆಧುನಿಕ ಕಾಲದ ತನಕ. ಮುಟ್ಟಿದ್ದು 1400ನೇ ಇಸವಿಯ ತನಕ ಮಾತ್ರ. ಹಾಗಾಗಿ ಆ ಕೃತಿಯ ಬಹುಪಾಲು ಮಧ್ಯಯುಗವೇ.

ಅದರ ವಿಧಾನ ನನಗೆ ತುಂಬ ಹಿಡಿಸಿತು. ಸಾರ್ಟನ್ ಕಾಲವನ್ನು ಐವತ್ತೈವತ್ತು ವರ್ಷದ ಖಾನೆ ಮಾಡಿದರು. ಪ್ರತಿ ಖಾನೆಗೆ ಆ ಕಾಲದ ಒಬ್ಬ ದೊಡ್ಡ ವ್ಯಕ್ತಿಯ ಹೆಸರು. ಕ್ರಿ.ಶ. 750ರಿಂದ 1100ರ ತನಕದ ಹೆಸರುಗಳು ಹೀಗಿವೆ: ಜಾಬಿರ್, ಅಲ್ ಖ್ವಾರಿಜ್ಮಿ, ಅಲ್ ರಾಜಿ, ಅಲ್ ಮಸೂದಿ, ಅಬುಲ್ ವಫಾ, ಅಲ್ ಬಿರೂನಿ, ಒಮರ್ ಖಯ್ಯಾಂ. ಏಳಕ್ಕೆ ಏಳೂ ಇಸ್ಲಾಮಿಕ್ ಜಗತ್ತಿನವರು. ಮಧ್ಯಯುಗ ಅಂದ್ರೆ ಕತ್ತಲೆ ಯುಗ ಅಂತ ಯುರೋಪಿನ ಪಠ್ಯಪುಸ್ತಕಗಳು ಹೇಳ್ತಿದ್ದ ಕಾಲದಲ್ಲಿ ಒಬ್ಬ ಬೆಲ್ಜಿಯಂನವನು ಅಧ್ಯಾಯಗಳ ಹೆಸರಿನಲ್ಲೇ ಉತ್ತರ ಕೊಟ್ಟ. ಕತ್ತಲೆ ಇದ್ದದ್ದು ಎಲ್ಲಿ? ನೀವು ನೋಡುತ್ತಿದ್ದ ದಿಕ್ಕಿನಲ್ಲಿ. ಬೇರೆ ಕಡೆ ದೀಪ ಉರೀತಿತ್ತು.

ಅನುವಾದ ನೆಚ್ಚಿಕೊಂಡರೆ ಸಾಲದು ಅನ್ನಿಸಿ ಸಾರ್ಟನ್ ಅರಬ್ಬಿ ಕಲಿಯಲು ಕೂತರು. 1931–32ರಲ್ಲಿ ಅದಕ್ಕಾಗಿಯೇ ಬೈರೂತ್ ಮತ್ತು ಉತ್ತರ ಆಫ್ರಿಕಾಕ್ಕೆ ಹೋದರು. ಆಗ ವಯಸ್ಸು ನಲವತ್ತೇಳು.

ಪ್ರತಿ ಖಾನೆಯೊಳಗೆ ವಿಷಯವಾರು ವಿಂಗಡಣೆ: ಗಣಿತ, ಖಗೋಳ, ವೈದ್ಯ, ಭೂಗೋಳ ಹೀಗೆ. ಪ್ರತಿ ವಿಷಯದೊಳಗೆ ನಾಡುವಾರು. ಹೀಗೆ ಮಾಡಿದಾಗ ಒಂದೇ ಕಾಲದಲ್ಲಿ ಯಾರು ಎಲ್ಲಿದ್ದರು ಅನ್ನೋದು ಅಕ್ಕಪಕ್ಕ ಕಾಣುತ್ತೆ.

ಈಗ ನಮ್ಮ ಕಡೆಗೆ. ಒಂಬತ್ತನೇ ಶತಮಾನದ ಮೊದಲ ಅರ್ಧ, ಅಲ್ ಖ್ವಾರಿಜ್ಮಿಯ ಖಾನೆ. ಬಾಗ್ದಾದಿನಲ್ಲಿ ಕೂತು ಆತ ಬರೆದ ಪುಸ್ತಕದ ಹೆಸರಿನಿಂದ "ಆಲ್ಜೀಬ್ರಾ" ಬಂತು, ಆತನ ಹೆಸರಿನಿಂದಲೇ "ಆಲ್ಗರಿದಮ್" ಬಂತು. ಅದೇ ಖಾನೆಯಲ್ಲಿ, ಕೆಲವೇ ಪುಟ ಆಚೆ, ಸಾರ್ಟನ್ ಇನ್ನೊಂದು ಹೆಸರು ಸೇರಿಸಿದ್ದಾರೆ: ಮಹಾವೀರ. "ಗಣಿತಸಾರಸಂಗ್ರಹ" ಬರೆದ ಮಹಾವೀರಾಚಾರ್ಯ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರು. ನೃಪತುಂಗ ಅಂದಕೂಡಲೇ ನಮಗೆ ನೆನಪಾಗೋದು "ಕವಿರಾಜಮಾರ್ಗ". ಅದೇ ಆಳ್ವಿಕೆಯಲ್ಲಿ ಗಣಿತವೂ ನಡೆದಿತ್ತು. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಮಹಾವೀರ ಸ್ಪಷ್ಟವಾಗಿ ಹೇಳಿದ್ದಾರೆ. ಬಡ್ಡಿ ಲೆಕ್ಕಗಳಂತೂ ಸಾಲುಸಾಲಾಗಿವೆ. ಅಸಲು, ಅವಧಿ, ಬಡ್ಡಿ ಬೆರೆತುಹೋದಾಗ ಬೇರೆ ಮಾಡೋದು ಹೇಗೆ ಅನ್ನೋ ಥರದವು. ಬಿಕಾಂನವರಿಗೆ ಮನೆಗೆ ಬಂದಂತೆ ಅನ್ನಿಸುವ ಪುಟಗಳು.

ಬೆಲ್ಜಿಯಂನ ಮನುಷ್ಯನಿಗೆ ಮಹಾವೀರರ ವಿಷಯ ತಲುಪುವ ದಾರಿ ಹೇಗೆ ತೆರೆದಿತ್ತು? 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದ ಜೊತೆ ಸಂಪಾದಿಸಿದ್ದರು; ಮದರಾಸು ಸರ್ಕಾರ ಅದನ್ನು ಪ್ರಕಟಿಸಿತ್ತು. ಆ ಪುಸ್ತಕಕ್ಕೆ ಪ್ರಸ್ತಾವನೆ ಬರೆದವರು ಅದೇ ಡೇವಿಡ್ ಯೂಜೀನ್ ಸ್ಮಿತ್. ಹನ್ನೆರಡು ವರ್ಷದ ನಂತರ ಇಸಿಸ್ ಉಳಿಸಲು ಸಂಘ ಕಟ್ಟಲು ನಿಂತದ್ದೂ ಅವರೇ. ಕನ್ನಡದ ಓದುಗರಿಗೆ ಕನ್ನಡ ಅನುವಾದದ ಜೊತೆ ಆ ಗ್ರಂಥ ಸಿಕ್ಕಿದ್ದು 2000ದಲ್ಲಿ, ಪದ್ಮಾವತಮ್ಮನವರ ಕೆಲಸದಿಂದ, ಹೊಂಬುಜದ ಜೈನ ಮಠದ ಪ್ರಕಟಣೆಯಾಗಿ.

ಹೌಟನ್‌ನಲ್ಲಿ ಏನಿದೆ?

ಸಾರ್ಟನ್ ತೀರಿಕೊಂಡದ್ದು 1956ರ ಮಾರ್ಚ್ 22ರಂದು. ಅವರ ಕಾಗದಗಳು ಸೇರಿದ ಹೌಟನ್ ಗ್ರಂಥಾಲಯ ಇರೋದು ಅವರು ದಶಕಗಳ ಕಾಲ ಕೂತ ವೈಡ್ನರ್ ಕಟ್ಟಡದ ಪಕ್ಕದಲ್ಲೇ. ಹಾರ್ವರ್ಡ್‌ನ ಅಪರೂಪದ ಪುಸ್ತಕ, ಹಸ್ತಪ್ರತಿಗಳಿಗಾಗಿಯೇ 1942ರಲ್ಲಿ ತೆರೆದ ಗ್ರಂಥಾಲಯ ಅದು.

ಅಲ್ಲಿರುವುದರಲ್ಲಿ ದೊಡ್ಡ ಪಾಲು ಪತ್ರಗಳು. ಸಂಪಾದಕನೊಬ್ಬ 1913ರಿಂದ 1952ರ ತನಕ ಒಂದೇ ಪತ್ರಿಕೆ ನಡೆಸಿದರೆ ಜಗತ್ತಿನ ಮೂಲೆಮೂಲೆಯಿಂದ ಎಷ್ಟು ಪತ್ರ ಬರುತ್ತೆ ಊಹಿಸಿ. ಲೇಖನ ಕಳಿಸಿದವರದ್ದು, ಜಗಳ ತೆಗೆದವರದ್ದು, ಪುಸ್ತಕ ಸಿಗದೆ ಕೇಳಿದವರದ್ದು.

ಈ ಥರದ ಸಾಮಗ್ರಿಯಿಂದ ಏನು ಹೊರಡುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 1972ರಲ್ಲಿ ಆರ್ನಾಲ್ಡ್ ಥ್ಯಾಕ್ರೆ ಮತ್ತು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಸೇರಿ ಇಸಿಸ್‌ನಲ್ಲೇ ಸಾರ್ಟನ್ ಬಗ್ಗೆ ಒಂದು ಲೇಖನ ಬರೆದರು. ಮರ್ಟನ್ ಚಿಕ್ಕ ವಯಸ್ಸಿನಲ್ಲಿ ಸಾರ್ಟನ್ ಬಳಿ ಕಲಿತವರು. ಅವರು ಎತ್ತಿದ ವಿಚಿತ್ರ ಏನಂದ್ರೆ: ಸಾರ್ಟನ್ ಪತ್ರಿಕೆ ಕಟ್ಟಿದರು, ಗ್ರಂಥಸೂಚಿ ಕಟ್ಟಿದರು, ಸಂಘಕ್ಕೆ ಕಾರಣರಾದರು, ಆದರೆ ಮುಂದಿನ ತಲೆಮಾರು ಅವರ ಹಾದಿಯಲ್ಲಿ ನಡೆಯಲಿಲ್ಲ. ಅವರು ಕೊಟ್ಟ ಉಪಕರಣ ಎಲ್ಲರೂ ಬಳಸಿದರು, ಅವರಂತೆ ಬರೆಯಲು ಯಾರಿಗೂ ಮನಸ್ಸಾಗಲಿಲ್ಲ. ನೇರವಾಗಿ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದವರೂ ಬೆರಳೆಣಿಕೆ. ಒಬ್ಬರು ಟರ್ಕಿಯಿಂದ ಬಂದ ಐದಿನ್ ಸಾಯಿಲಿ, 1942ರಲ್ಲಿ ಪದವಿ ಪಡೆದವರು. ಇಸ್ಲಾಮಿಕ್ ಜಗತ್ತಿನ ವೀಕ್ಷಣಾಲಯಗಳ ಮೇಲೆ ಅವರು ಬರೆದ ಪುಸ್ತಕ ಇವತ್ತಿಗೂ ಆಧಾರ. ಟರ್ಕಿಯ ಐದು ಲಿರಾ ನೋಟು ಸಿಕ್ಕಿದರೆ ತಿರುಗಿಸಿ ನೋಡಿ, ಅದರ ಮೇಲಿರುವುದು ಅವರ ಚಿತ್ರ. ವಿಜ್ಞಾನದ ಇತಿಹಾಸಕಾರನ ಮುಖ ಕರೆನ್ಸಿ ಮೇಲೆ! ಇಂಥದ್ದು ಬೇರೆಲ್ಲಾದರೂ ಇದೆಯಾ ಅಂತ ನಿಮಗೆ ಗೊತ್ತಿದ್ದರೆ ನನಗೂ ಹೇಳಿ.

"ಕಸ" ಅಂದದ್ದಕ್ಕೆ ಬಂದ ಉತ್ತರ

ಇಲ್ಲಿಯ ತನಕ ಕೇಳಿದರೆ ಸಾರ್ಟನ್ ಎಲ್ಲವನ್ನೂ ಎತ್ತಿಟ್ಟುಕೊಂಡ ಮನುಷ್ಯ ಅನ್ನಿಸುತ್ತೆ. ಪೂರ್ತಿ ನಿಜ ಅಲ್ಲ. ಅವರಿಗೂ ಒಂದು ಜರಡಿ ಇತ್ತು. ವಿಜ್ಞಾನ ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ನಿಜವಾದ ಜ್ಞಾನ. ಮಾಟ, ಶಕುನ, ಫಲಜ್ಯೋತಿಷ್ಯ ಇವೆಲ್ಲ ಆ ಮೆಟ್ಟಿಲಿನ ಮೇಲಿನ ಕಸ. ಇದು ಅವರ ನಿಲುವು.

1949ರಲ್ಲಿ ಇ. ಎಸ್. ಡ್ರೋವರ್ ಎಂಬ ವಿದುಷಿ ಮಾಂಡಿಯನ್ನರ ಜ್ಯೋತಿಷ್ಯ ಗ್ರಂಥವೊಂದನ್ನು ಅನುವಾದ ಮಾಡಿ ಪ್ರಕಟಿಸಿದರು. ಮಾಂಡಿಯನ್ನರು ದಕ್ಷಿಣ ಇರಾಕಿನ ಒಂದು ಸಣ್ಣ ಧಾರ್ಮಿಕ ಸಮುದಾಯ. ಮರುವರ್ಷ ಸಾರ್ಟನ್ ಅದರ ಬಗ್ಗೆ ಇಸಿಸ್‌ನಲ್ಲಿ ಬರೆದರು. ಶಕುನ, ಕೆಟ್ಟುಹೋದ ಜ್ಯೋತಿಷ್ಯ, ತಲೆಬುಡವಿಲ್ಲದ ಮಾತುಗಳ ದರಿದ್ರ ಕಂತೆ ಅನ್ನೋ ಅರ್ಥದಲ್ಲಿ ತಳ್ಳಿಹಾಕಿದರು.

ಉತ್ತರ 1951ರಲ್ಲಿ ಬಂತು. ಬರೆದವರು ಆಟೊ ನಾಯ್ಗೆಬಾವರ್. ನಾಜಿಗಳು ಅಧಿಕಾರಕ್ಕೆ ಬಂದಾಗ ಜರ್ಮನಿ ಬಿಟ್ಟು, ಕೋಪನ್‌ಹೇಗನ್ ದಾರಿಯಾಗಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯಕ್ಕೆ ಬಂದ ಗಣಿತ ಇತಿಹಾಸಕಾರ. ಅವರ ಉತ್ತರ ಬಹಳ ಚಿಕ್ಕದು. ಸಾರ್ಟನ್ ಬಳಸಿದ "ದರಿದ್ರ" ಎಂಬ ಅದೇ ವಿಶೇಷಣವನ್ನೇ ಎತ್ತಿಕೊಂಡು, ದರಿದ್ರ ವಿಷಯಗಳ ಅಧ್ಯಯನ ಯಾಕೆ ಬೇಕು ಅಂತ ಶೀರ್ಷಿಕೆ ಕೊಟ್ಟು ಬರೆದರು. ವಾದ ಇಷ್ಟು: ಆ ಜ್ಯೋತಿಷ್ಯದ ಮಾತು ಸುಳ್ಳೇ ಇರಲಿ. ಅದರೊಳಗೆ ಗ್ರಹಗಳ ಕ್ರಮ, ರಾಶಿಗಳ ಲೆಕ್ಕ, ಪದಗಳು ಸಿಕ್ಕಿಕೊಂಡಿರುತ್ತವೆ. ಗ್ರೀಕ್ ನಾಡಿನಿಂದ ಪರ್ಷಿಯಾಕ್ಕೆ, ಭಾರತಕ್ಕೆ, ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ಖಗೋಳದ ತಿಳಿವಳಿಕೆ ಓಡಾಡಿದ ಹೆಜ್ಜೆಗುರುತು ಉಳಿದಿರೋದು ಇಂಥ ಗ್ರಂಥಗಳಲ್ಲೇ. ಕಸ ಅಂತ ಎಸೆದರೆ ಆ ದಾರಿಯ ನಕ್ಷೆಯನ್ನೇ ಎಸೆದಂತೆ.

ಆ ಪತ್ರಿಕೆಯ ಸಂಪಾದಕ ಆಗ ಯಾರು? ಸಾರ್ಟನ್. ತನ್ನ ಮಾತನ್ನು ಖಂಡಿಸಿದ ಲೇಖನ ತನ್ನ ಪತ್ರಿಕೆಯಲ್ಲೇ ಅಚ್ಚಾಯಿತು. ಅದು ಅವರ ದೊಡ್ಡತನ.

ಆ ಜಗಳದಿಂದ ನಮ್ಮ ಓಲೆಗರಿಗಳ ತನಕ

ನಾಯ್ಗೆಬಾವರ್ ಕಟ್ಟಿದ ಬ್ರೌನ್ ವಿಶ್ವವಿದ್ಯಾಲಯದ ವಿಭಾಗಕ್ಕೆ 1971ರಲ್ಲಿ ಡೇವಿಡ್ ಪಿಂಗ್ರಿ ಬಂದರು. ಸಂಸ್ಕೃತ, ಅರಬ್ಬಿ, ಗ್ರೀಕ್, ಲ್ಯಾಟಿನ್ ಎಲ್ಲ ಓದಬಲ್ಲ ವಿದ್ವಾಂಸ. "ದರಿದ್ರ ವಿಷಯ"ಗಳನ್ನೇ ಬದುಕಿಡೀ ಓದಿದರು. ಭಾರತದ ಗಣಿತ, ಖಗೋಳ, ಜ್ಯೋತಿಷ ಗ್ರಂಥಕಾರರು ಯಾರ್ಯಾರು, ಅವರ ಹಸ್ತಪ್ರತಿ ಎಲ್ಲೆಲ್ಲಿವೆ ಅಂತ ಒಂದು ಜನಗಣತಿಯನ್ನೇ ಶುರು ಮಾಡಿದರು. 1970ರಿಂದ 1994ರ ನಡುವೆ ಐದು ಸಂಪುಟ ಬಂತು. 2005ರಲ್ಲಿ ಅವರು ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಅವರ ಖಾಸಗಿ ಸಂಗ್ರಹವನ್ನು ಬ್ರೌನ್ ಗ್ರಂಥಾಲಯ ಪಡೆದುಕೊಂಡಿತು. ಸುಮಾರು 22,000 ಪುಸ್ತಕ, ಜೊತೆಗೆ ಒಂದಷ್ಟು ಹಸ್ತಪ್ರತಿ.

ವೋಚರ್ ಯಾಕೆ ಬೇಕು ಅನ್ನೋದಕ್ಕೆ ಪಿಂಗ್ರಿಯ ಕೆಲಸವೇ ಸಾಕ್ಷಿ. 1978ರಲ್ಲಿ ಅವರು "ಯವನಜಾತಕ"ವನ್ನು ಸಂಪಾದಿಸಿದರು. ಗ್ರೀಕ್ ಜ್ಯೋತಿಷ್ಯ ಸಂಸ್ಕೃತಕ್ಕೆ ಬಂದ ಬಗೆ ತೋರಿಸುವ ಬಹಳ ಮುಖ್ಯ ಗ್ರಂಥ. ಮುಖ್ಯ ಆಧಾರ ನೇಪಾಳದ ಒಂದು ಓಲೆಗರಿ ಪ್ರತಿ, ಅದೂ ಹಲವೆಡೆ ಹಾಳಾದದ್ದು. ಕೊನೆಯ ಶ್ಲೋಕಗಳಲ್ಲಿ ಕೆಲವು ಪದಗಳನ್ನು ಪಿಂಗ್ರಿ ಭೂತಸಂಖ್ಯೆ ಅಂತ ಓದಿದರು. ಭೂತಸಂಖ್ಯೆ ಅಂದ್ರೆ ಚಂದ್ರ ಅಂದ್ರೆ ಒಂದು, ನೇತ್ರ ಅಂದ್ರೆ ಎರಡು, ಹೀಗೆ ಪದಗಳಿಂದ ಅಂಕಿ ಹೇಳುವ ಪದ್ಧತಿ. ಅದರ ಮೇಲೆ ಗ್ರೀಕ್‌ನಿಂದ ಅನುವಾದವಾದದ್ದು ಕ್ರಿ.ಶ. 149–150, ಶ್ಲೋಕರೂಪಕ್ಕೆ ಬಂದದ್ದು 269–270 ಅಂತ ತೀರ್ಮಾನಿಸಿದರು. ಮೂರು ದಶಕ ಎಲ್ಲರೂ ಅದನ್ನೇ ಎತ್ತಿ ಹೇಳಿದರು. 2013ರಲ್ಲಿ ಬಿಲ್ ಮಾಕ್ ಎಂಬ ವಿದ್ವಾಂಸ ನೇಪಾಳದಲ್ಲಿ ಸಿಕ್ಕ ಇನ್ನೊಂದು ಪ್ರತಿಯನ್ನು ಮುಂದಿಟ್ಟು, ಆ ಪದಗಳು ಅಂಕಿಗಳೇ ಅಲ್ಲ ಅಂತ ವಾದಿಸಿದರು. ಅಂದಮೇಲೆ ಆ ಇಸವಿಗಳಿಗೆ ಆಧಾರವೇ ಇಲ್ಲದಂತಾಯಿತು.

ಇದು ಪಿಂಗ್ರಿಯನ್ನು ಚಿಕ್ಕವರು ಮಾಡುವ ಮಾತಲ್ಲ. ಪ್ರತಿಯಲ್ಲಿ ಏನಿತ್ತು, ತಾನು ಏನು ತಿದ್ದಿದೆ ಅನ್ನೋದನ್ನು ಅವರು ದಾಖಲು ಮಾಡಿಟ್ಟಿದ್ದರಿಂದಲೇ ಮುಂದಿನವರು ಪರೀಕ್ಷೆ ಮಾಡಲು ಸಾಧ್ಯವಾಯಿತು. ಬರೀ ಬ್ಯಾಲೆನ್ಸ್ ಶೀಟ್ ಇದ್ದಿದ್ದರೆ ನಂಬಬೇಕು ಅಥವಾ ಬಿಡಬೇಕು, ಅಷ್ಟೇ.

ಸಾರ್ಟನ್ ಚೀಟಿಗಳ ಸಂತತಿಯೂ ಬೆಳೀತಿದೆ. ಇಸಿಸ್‌ನಲ್ಲಿ ಅವರು ತಮ್ಮ ಕೈಯಾರೆ 79 ಗ್ರಂಥಸೂಚಿಗಳನ್ನು ಕೊಟ್ಟಿದ್ದರು. ಎಲ್ಲಿ ಯಾರು ಏನು ಬರೆದರು ಅನ್ನೋ ಪಟ್ಟಿ. ಅವರ ನಂತರ ಆ ಪಟ್ಟಿಗಳನ್ನು ಒಟ್ಟುಗೂಡಿಸಿ ದಪ್ಪ ಸಂಪುಟ ಮಾಡಿದರು. ಈಗ ಅದು "ಇಸಿಸ್ ಸಿಬಿ ಎಕ್ಸ್‌ಪ್ಲೋರ್" ಎಂಬ ಹೆಸರಲ್ಲಿ ಆನ್‌ಲೈನ್‌ನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿದೆ.

ನಮ್ಮ ಅಟ್ಟದ ಮೇಲಿರುವುದು

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದ್ರೆ, ನಮ್ಮಲ್ಲೂ ಇಂಥ ಪೆಟ್ಟಿಗೆಗಳಿವೆ. ಮೈಸೂರಿನ ಓರಿಯಂಟಲ್ ಗ್ರಂಥಾಲಯ ಶುರುವಾದದ್ದು 1891ರಲ್ಲಿ. ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ಓಲೆಗರಿ ಕಟ್ಟನ್ನು ಅಲ್ಲಿಗೆ ಒಪ್ಪಿಸಿದರು. ಅದನ್ನು ಬಿಚ್ಚಿ ಓದಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರು. ಅದು ಕೌಟಿಲ್ಯನ "ಅರ್ಥಶಾಸ್ತ್ರ". ಕೊಟ್ಟ ಪಂಡಿತರ ಹೆಸರು ಉಳಿಯಲಿಲ್ಲ, ಗ್ರಂಥ ಉಳಿಯಿತು. ಒಬ್ಬರು ಎಸೆಯಲಿಲ್ಲ, ಒಂದು ಸಂಸ್ಥೆ ತೆಗೆದುಕೊಂಡಿತು, ಒಬ್ಬರು ಕೂತು ಓದಿದರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಇಲ್ಲ.

ಆದರೆ ಓಲೆಗರಿಗಾದರೂ ಈಗ ಗೌರವ ಇದೆ. 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಪ್ರಕಾರ ಹಸ್ತಪ್ರತಿ ಅನ್ನಿಸಿಕೊಳ್ಳಲು ಕನಿಷ್ಠ 75 ವರ್ಷ ಹಳೆಯದಾಗಿರಬೇಕು. ಹಾಗಾದರೆ 1980ರಲ್ಲಿ ಶಾಸನ ಓದುತ್ತ ಊರೂರು ಸುತ್ತಿದ ಮೇಷ್ಟ್ರ ನೋಟ್‌ಬುಕ್? ಹಳೇ ಪಂಚಾಂಗಗಳ ಅಂಚಿನಲ್ಲಿ ಗ್ರಹಣದ ಲೆಕ್ಕ ಗೀಚಿದ ಜೋಯಿಸರ ಕಡತ? ನನಗೆ ಗೊತ್ತಿದ್ದ ಒಬ್ಬ ನಿವೃತ್ತ ಅಧ್ಯಾಪಕರು ತೀರಿಕೊಂಡ ಮೇಲೆ ಮನೆಯವರು ಪುಸ್ತಕಗಳನ್ನು ಒಂದು ಗ್ರಂಥಾಲಯಕ್ಕೆ ಕೊಟ್ಟರು. ಅವರ ಕೈಬರಹದ ಟಿಪ್ಪಣಿ, ಪತ್ರಗಳು ಯಾರಿಗೂ ಬೇಡವಾಗಿ ಹಳೇ ಪೇಪರ್ ಅಂಗಡಿಯ ತಕ್ಕಡಿ ಹತ್ತಿದವು. ಮನೆಯವರನ್ನು ದೂರಿ ಏನು ಪ್ರಯೋಜನ? ಅಚ್ಚಾದದ್ದು ಬೆಲೆಯದ್ದು, ಗೀಚಿದ್ದು ಕಸ ಅಂತ ನಮಗೆಲ್ಲರಿಗೂ ಅಭ್ಯಾಸ ಆಗಿಬಿಟ್ಟಿದೆ.

ಹಾಗಾಗಿ ಕೇಳುಗರಿಗೆ ನಾಲ್ಕು ಸಣ್ಣ ಮಾತು. ಮನೆಯಲ್ಲಿ ಇಂಥ ಕಟ್ಟು ಇದ್ದರೆ ಮೊದಲು ಬಿಚ್ಚಿ ಬೇರೆ ಮಾಡಬೇಡಿ, ಇದ್ದ ಕ್ರಮದಲ್ಲೇ ಇರಲಿ. ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಆಮೇಲೆ ಬಿಡಿಸೋಕಾಗಲ್ಲ. ಯಾರದ್ದು, ಯಾವ ಊರು, ಯಾರ ಕೈಯಿಂದ ಬಂತು ಅಂತ ಒಂದು ಬೇರೆ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ಜೊತೆಗಿಡಿ. ಕೊನೆಯದು, ಹಿರಿಯರು ಬದುಕಿರುವಾಗಲೇ ಕೂತು ಕೇಳಿ. ಟಿಪ್ಪಣಿಯ ಅರ್ಧ ಅರ್ಥ ಅವರ ತಲೆಯಲ್ಲಿರುತ್ತೆ.

ಯಾವುದು ವಿಜ್ಞಾನ, ಯಾವುದು ಕಸ ಅಂತ ಸಾರ್ಟನ್‌ರಂಥ ಸಾರ್ಟನ್‌ಗೇ ಪೂರ್ತಿ ಗೊತ್ತಾಗಲಿಲ್ಲ. ಹಾಗಿರುವಾಗ ತಕ್ಕಡಿಯ ಮುಂದೆ ನಿಂತ ನಾವು ಅರ್ಧ ಗಂಟೆಯಲ್ಲಿ ಅದನ್ನು ತೀರ್ಮಾನ ಮಾಡೋದು ಬೇಡ.

ಇವತ್ತಿಗೆ ಇಷ್ಟು. ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ ಇಂಥ ಕಡತ ಇದ್ದರೆ ಬರೆದು ತಿಳಿಸಿ, ಮುಂದಿನ ಸಂಚಿಕೆಗಳಲ್ಲಿ ಅದರ ಬಗ್ಗೆ ಮಾತಾಡೋಣ.